ಹಾವು ಕಚ್ಚಿದ ಮೇಲೆ ಆ ಇಪ್ಪತ್ತು ನಿಮಿಷ

ಮುಂಗಾರು ಶುರುವಾದರೆ ಸಾಕು, ಓದುಗರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಬೇಗೂರು, ತೆರಕಣಾಂಬಿ, ಹಂಗಳದ ಕಡೆಯಿಂದ ಹೆಚ್ಚು. ‘ಹಾವು ಕಚ್ಚಿದವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಕೂಡಲೇ ಇಂಜೆಕ್ಷನ್ ಕೊಡುವುದು ಬಿಟ್ಟು ಒಂದಿಷ್ಟು ರಕ್ತ ತೆಗೆದು ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಕಾಯಿಸಿದರು. ಜೀವ ಹೋಗುವ ಹೊತ್ತಿನಲ್ಲಿ ಇದೆಂಥ ಪರೀಕ್ಷೆ?’ ಕೇಳುವವರ ದನಿಯಲ್ಲಿ ಸಿಟ್ಟಿರುತ್ತದೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಮನೆಯವನು ನೋವಿನಿಂದ ನರಳುತ್ತಿರುವಾಗ 20 ನಿಮಿಷ ಬಹಳ ದೊಡ್ಡದು. ಆದರೆ ಆ ಟ್ಯೂಬು ಏನು ಹೇಳುತ್ತದೆ, ಆಮೇಲೆ ಕೈಗೆ ಹಾಕುವ ಡ್ರಿಪ್ಪಿನಲ್ಲಿ ಏನಿರುತ್ತದೆ ಎಂಬುದು ನಮ್ಮ ಹೊಲಗಳಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಅದಕ್ಕೇ ಈ ವಾರ ಪೂರ್ತಿ ಅದನ್ನೇ ಬರೆಯುತ್ತಿದ್ದೇನೆ.

ನಂಜನಗೂಡು ದಾಟಿ ಗುಂಡ್ಲುಪೇಟೆ ರಸ್ತೆ ಹಿಡಿದರೆ ಬೇಗೂರಿನ ಎರಡೂ ಬದಿ ಹೊಲ ತೋಟಗಳೇ. ಬಾಳೆ, ಅರಿಶಿನ, ಸಣ್ಣ ಈರುಳ್ಳಿ, ಸೂರ್ಯಕಾಂತಿ, ಕಾರ್ಖಾನೆಗೆ ಹೋಗುವ ಚೆಂಡು ಹೂ. ಕೊಯ್ಲಿನ ಮೆದೆಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಎಷ್ಟೋ ಸಲ ರಾತ್ರಿಯೇ ಬರುವುದರಿಂದ ರೈತ ಬರಿಗಾಲಲ್ಲಿ ಕತ್ತಲಲ್ಲೇ ನೀರು ಕಟ್ಟಲು ಹೋಗುತ್ತಾನೆ. ಕಾಡಂಚಿನ ಊರುಗಳಲ್ಲಿ ಹಂದಿ, ಆನೆಗೆ ರಾತ್ರಿ ಕಾವಲು ಬೇರೆ. ಕೊಳಕು ಮಂಡಲ ಓಡಾಡುವ ಹೊತ್ತೂ ಅದೇ. ಮೈಮೇಲೆ ಸರಪಳಿಯಂತೆ ಮೂರು ಸಾಲು ಕಂದು ಬಿಲ್ಲೆ, ತ್ರಿಕೋನದ ತಲೆ, ದಪ್ಪ ಮೈ. ಅದನ್ನು ಹೆಬ್ಬಾವಿನ ಮರಿ ಎಂದು ತಿಳಿದು ಹತ್ತಿರ ಹೋದವರಿದ್ದಾರೆ. ನಾಗರಹಾವಿನಂತೆ ಹೆಡೆ ಎತ್ತುವುದಿಲ್ಲ, ಕಾಲ ಸಪ್ಪಳ ಕೇಳಿದರೂ ಸರಿದು ಹೋಗುವುದು ಕಡಿಮೆ. ಒಣ ತರಗಿನೊಳಗೆ ಸುತ್ತಿಕೊಂಡು ಬಿದ್ದಿರುತ್ತದೆ. ಜೋರಾಗಿ ಬುಸುಗುಟ್ಟುತ್ತದೆ ನಿಜ, ಆದರೆ ಮೋಟಾರಿನ ಸದ್ದಿನಲ್ಲಿ, ಮಳೆಯಲ್ಲಿ ಅದು ಕೇಳಿಸಬೇಕಲ್ಲ. ಮೊಟ್ಟೆ ಇಡದೆ ನೇರ ಮರಿಗಳನ್ನೇ ಹಾಕುವ ಹಾವು ಇದು. ಒಂದು ಸೂಲಿಗೆ 20, 30 ಮರಿಗಳಾದರೂ ಆಶ್ಚರ್ಯವಿಲ್ಲ. ಮುಂಗಾರಿನ ಆಸುಪಾಸಿನಲ್ಲಿ ಹುಟ್ಟುವ ಆ ಗೇಣುದ್ದದ ಮರಿಗಳಿಗೂ ವಿಷವಿದೆ.

ಇದರ ವಿಷ ಏನು ಮಾಡುತ್ತದೆ? ನಾಗರ ಮತ್ತು ಕಟ್ಟುಹಾವಿನ ವಿಷ ಮುಖ್ಯವಾಗಿ ನರಗಳಿಗೆ ಹೊಡೆಯುತ್ತದೆ: ರೆಪ್ಪೆ ಜೋತು ಬೀಳುತ್ತದೆ, ನಾಲಿಗೆ ತೊದಲುತ್ತದೆ, ಉಸಿರು ನಿಲ್ಲುತ್ತದೆ. ಮಂಡಲದ ಮುಖ್ಯ ದಾಳಿ ರಕ್ತದ ಮೇಲೆ. ನಮ್ಮ ರಕ್ತದಲ್ಲಿ ಹೆಪ್ಪುಗಟ್ಟಿಸುವ ಅಂಶಗಳು ಹತ್ತಾರಿವೆ. ಗಾಯವಾದಾಗ ಒಂದು ಇನ್ನೊಂದನ್ನು ಎಬ್ಬಿಸಿ, ಕೊನೆಗೆ ಫೈಬ್ರಿನೋಜನ್ ಎಂಬ ಪ್ರೋಟೀನು ಫೈಬ್ರಿನ್ ಎಂಬ ಎಳೆಗಳಾಗಿ ಗಾಯದ ಬಾಯಿ ಮುಚ್ಚುತ್ತದೆ. ಇದು ಗಾಯ ಇದ್ದಲ್ಲಿ ಮಾತ್ರ, ಬೇಕಾದಷ್ಟು ಮಾತ್ರ ನಡೆಯಬೇಕಾದ ಕೆಲಸ. ಮಂಡಲದ ವಿಷದಲ್ಲಿರುವ ಕಿಣ್ವಗಳು ಈ ಸರಣಿಯ 10ನೇ ಅಂಶವನ್ನೂ 5ನೇ ಅಂಶವನ್ನೂ ನೇರವಾಗಿ ಎಬ್ಬಿಸಿಬಿಡುತ್ತವೆ. ಗಾಯವಿಲ್ಲದಿದ್ದರೂ ಇಡೀ ಮೈಯ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಕೆಲಸ ಶುರುವಾಗುತ್ತದೆ. ವರ್ಷಕ್ಕಾಗುವ ರಾಗಿಯನ್ನು ಯಾರೋ ಒಂದೇ ರಾತ್ರಿಯಲ್ಲಿ ಕಣಜದಿಂದ ಬೀದಿಗೆ ಸುರಿದ ಹಾಗೆ, ಒಂದೆರಡು ಗಂಟೆಯೊಳಗೆ ಫೈಬ್ರಿನೋಜನ್ ಖಾಲಿಯಾಗುತ್ತದೆ. ಆಮೇಲೆ ನಿಜವಾದ ಗಾಯಕ್ಕೆ ಏನೂ ಉಳಿದಿರುವುದಿಲ್ಲ. ಇದೇ ವಿಷದ ಬೇರೆ ಅಂಶಗಳು ರಕ್ತನಾಳದ ಗೋಡೆಯನ್ನೇ ಹಾಳುಮಾಡುತ್ತವೆ. ಗೋಡೆ ಸೋರುತ್ತದೆ, ಸೋರಿದ ರಕ್ತ ಹೆಪ್ಪುಗಟ್ಟುವುದಿಲ್ಲ. ವಸಡಿನಲ್ಲಿ, ಮೂತ್ರದಲ್ಲಿ, ಕಚ್ಚಿದ ಜಾಗದಲ್ಲಿ ರಕ್ತ ಕಾಣಿಸುತ್ತದೆ. ಕಾಣಿಸದ ಜಾಗ ಮಿದುಳಾದರೆ ಆ ರೋಗಿ ಉಳಿಯುವುದು ಕಷ್ಟ.

ಆ ಕಡೆಯ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ನಾನು ನೋಡಿದ ಒಂದು ರಾತ್ರಿಯನ್ನೇ ಹೇಳುತ್ತೇನೆ. ಬಾಳೆ ತೋಟಕ್ಕೆ ನೀರು ಕಟ್ಟುತ್ತಿದ್ದ ಮೂವತ್ತರ ಯುವಕನನ್ನು ಅವನ ಅಣ್ಣ ಬೈಕಿನಲ್ಲಿ ಕೂರಿಸಿಕೊಂಡು ಬಂದಿದ್ದರು. ಹಿಮ್ಮಡಿಯ ಮೇಲೆ ಎರಡು ಚುಕ್ಕೆ, ಮೀನಖಂಡಕ್ಕೆ ಟವೆಲಿನ ಬಿಗಿ ಕಟ್ಟು, ಪಾದ ಆಗಲೇ ಊದಿ ಮಿರುಗುತ್ತಿತ್ತು. ‘ಹುಳ ಮುಟ್ಬುಡ್ತು ಸಾ. ಆದ್ರೆ ಚೆನ್ನಾಗೇ ಮಾತಾಡ್ತಾವ್ನೆ, ಏನೂ ಆಗಕ್ಕಿಲ್ಲ ಅಲ್ವಾ?’ ಎಂದರು ಅಣ್ಣ. ನಿಜ, ಅವನು ಮಾತಾಡುತ್ತಿದ್ದ, ನಾಡಿಯೂ ಸರಿಯಾಗಿತ್ತು. ಸಿಸ್ಟರ್ ಅವನ ತೋಳಿನಿಂದ 2 ಎಂಎಲ್ ರಕ್ತ ಎಳೆದು, ಹೊಸ ಗಾಜಿನ ಟ್ಯೂಬಿಗೆ ಬಿಟ್ಟು, ಪ್ಲಾಸ್ಟರಿನ ಚೂರೊಂದರ ಮೇಲೆ ಹೊತ್ತು ಬರೆದು ಅಂಟಿಸಿ, ಸ್ಟ್ಯಾಂಡಿನಲ್ಲಿ ನೆಟ್ಟಗೆ ಇಟ್ಟರು. ‘ಇದನ್ನ ಯಾರೂ ಮುಟ್ಟಬೇಡಿ’ ಎಂದು ಎರಡು ಸಲ ಹೇಳಿದರು. ಮುಟ್ಟಬಾರದು, ಅಲ್ಲಾಡಿಸಬಾರದು. ಟ್ಯೂಬು ಗಾಜಿನದೇ ಆಗಿರಬೇಕು, ಏಕೆಂದರೆ ರಕ್ತವನ್ನು ಹೆಪ್ಪುಗಟ್ಟಲು ಪ್ರಚೋದಿಸುವುದು ಗಾಜಿನ ಮೇಲ್ಮೈ; ಪ್ಲಾಸ್ಟಿಕ್ಕಿನಲ್ಲಿ ಅದು ಸರಿಯಾಗಿ ಆಗುವುದಿಲ್ಲ. ಸೋಪಿನ ಪುಡಿಯಲ್ಲಿ ತೊಳೆದ ಟ್ಯೂಬೂ ಸುಳ್ಳು ಹೇಳುತ್ತದೆ. ಒಳ್ಳೆಯ ರಕ್ತವಾದರೆ ಅಷ್ಟು ಹೊತ್ತಿಗೆ ಗಟ್ಟಿಯಾಗಿ, ಟ್ಯೂಬನ್ನು ಓರೆ ಮಾಡಿದರೂ ತಳದಲ್ಲಿ ಕೂತಿರುತ್ತದೆ. ಹೊತ್ತು ಮುಗಿದ ಮೇಲೆ ಸಿಸ್ಟರ್ ಒಂದೇ ಸಲ ಓರೆ ಮಾಡಿದರು. ರಕ್ತ ಆಗಷ್ಟೇ ತೆಗೆದ ಹಾಗೆ ಬಾಯಿಯವರೆಗೂ ಹರಿದು ಬಂತು. ಅಣ್ಣನಿಗೆ ಬೇರೆ ವಿವರಣೆಯೇ ಬೇಕಾಗಲಿಲ್ಲ. ಆ ಹೊತ್ತಿಗೆ ತಮ್ಮನ ವಸಡಿನಂಚಿನಲ್ಲೂ ಕೆಂಪು ಜಿನುಗಿತ್ತು.

ಈಗ ಓದುಗರ ಪ್ರಶ್ನೆಗೆ ನೇರ ಉತ್ತರ. ಕಾಯುವುದು ಏಕೆಂದರೆ ಕಚ್ಚಿದ ಹಾವೆಲ್ಲ ವಿಷದ ಹಾವಲ್ಲ, ವಿಷದ ಹಾವು ಕಚ್ಚಿದಾಗಲೆಲ್ಲ ವಿಷ ಬಿಟ್ಟಿರುತ್ತದೆ ಎಂದೂ ಇಲ್ಲ. ಔಷಧಿಯೋ, ಕುದುರೆಯ ರಕ್ತದಿಂದ ತೆಗೆದದ್ದು. ಕೆಲವರ ಮೈಗೆ ಅದು ಒಗ್ಗದೆ ದದ್ದು, ಉಬ್ಬಸ, ರಕ್ತದೊತ್ತಡದ ಕುಸಿತ ಆಗುವುದುಂಟು. ಬೇಡದವರಿಗೆ ಕೊಟ್ಟು ಹೊಸ ಅಪಾಯ ತಂದುಕೊಳ್ಳುವುದು ಸರಿಯಲ್ಲ. ಆದರೆ ಇನ್ನೊಂದು ಮಾತನ್ನೂ ಇಷ್ಟೇ ಸ್ಪಷ್ಟವಾಗಿ ಹೇಳಬೇಕು: ರೆಪ್ಪೆ ಜೋತಿದ್ದರೆ, ಉಸಿರಾಟ ಕಷ್ಟವಾಗಿದ್ದರೆ, ಎಲ್ಲಿಂದಲಾದರೂ ರಕ್ತ ಜಿನುಗುತ್ತಿದ್ದರೆ ಟ್ಯೂಬಿಗಾಗಿ ಯಾವ ವೈದ್ಯನೂ ಕಾಯಬಾರದು, ಔಷಧಿ ಆಗಲೇ ಶುರುವಾಗಬೇಕು. ಮೊದಲ ಟ್ಯೂಬಿನಲ್ಲಿ ರಕ್ತ ಗಟ್ಟಿಯಾದರೂ ಕತೆ ಮುಗಿಯಲಿಲ್ಲ. ಮೊದಲ ಮೂರು ಗಂಟೆ ಅರ್ಧ ಗಂಟೆಗೊಮ್ಮೆ, ಆಮೇಲೆ ಗಂಟೆಗೊಮ್ಮೆ ಮತ್ತೆ ನೋಡಬೇಕು. ವಿಷ ನಿಧಾನವಾಗಿ ಏರುವುದೂ ಉಂಟು.

ಇನ್ನು ಆ ಔಷಧಿ. ಆಸ್ಪತ್ರೆಯವರು ಎಎಸ್‌ವಿ ಎನ್ನುತ್ತಾರೆ, ಅಂದರೆ ಹಾವಿನ ವಿಷಕ್ಕೆ ಪ್ರತಿವಿಷ. ಅದು ಮಾತ್ರೆಯಲ್ಲ, ಟಾನಿಕ್ಕಲ್ಲ, ಆ್ಯಂಟಿಬಯಾಟಿಕ್ಕೂ ಅಲ್ಲ. ಅದರಲ್ಲಿರುವುದು ಪ್ರತಿಕಾಯಗಳು, ಅಂದರೆ ವಿಷದ ಕಣಗಳನ್ನು ಹುಡುಕಿ ಹಿಡಿದು ಕೆಲಸ ಮಾಡದಂತೆ ತಡೆಯುವ ಪ್ರೋಟೀನುಗಳು. ಡಿಫ್ತೀರಿಯಾ ಮತ್ತು ಧನುರ್ವಾಯುವಿಗೆ ಇಂಥ ಪ್ರತಿಕಾಯ ಚಿಕಿತ್ಸೆ ಸಾಧ್ಯ ಎಂದು ಬೆಹ್ರಿಂಗ್ ಮತ್ತು ಕಿಟಾಸಾಟೊ 1890ರಲ್ಲಿ ತೋರಿಸಿದರು. ಹಾವಿನ ವಿಷಕ್ಕೆ ಅದನ್ನು 1890ರ ದಶಕದ ಮಧ್ಯದಲ್ಲೇ ತಂದವರು ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್. ಇವತ್ತಿಗೂ ದಾರಿ ಹೆಚ್ಚು ಬದಲಾಗಿಲ್ಲ. ಚೆನ್ನೈ ಬಳಿ 1978ರಲ್ಲಿ ಶುರುವಾದ ಇರುಳರ ಸಹಕಾರ ಸಂಘದವರು ಹಾವು ಹಿಡಿದು, ಮಣ್ಣಿನ ಮಡಕೆಗಳಲ್ಲಿ ಕೆಲವು ವಾರ ಇಟ್ಟು, ವಿಷ ತೆಗೆದು, ಹಾವನ್ನು ಮತ್ತೆ ಬಿಟ್ಟುಬಿಡುತ್ತಾರೆ. ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷವನ್ನು ಅತಿ ಕಡಿಮೆ ಪ್ರಮಾಣದಿಂದ ಶುರುಮಾಡಿ ಕುದುರೆಗಳಿಗೆ ಚುಚ್ಚುತ್ತಾರೆ. ಕುದುರೆಯ ಮೈ ಪ್ರತಿಕಾಯ ಕಟ್ಟುತ್ತದೆ. ಆ ರಕ್ತದಿಂದ ಪ್ಲಾಸ್ಮಾ ಬೇರ್ಪಡಿಸಿ, ಶುದ್ಧ ಮಾಡಿ ಸೀಸೆಗೆ ತುಂಬುತ್ತಾರೆ. ದಾಸ್ತಾನಿನಲ್ಲಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ನೀವು ದುಡ್ಡು ಕೊಡಬೇಕಾಗಿಲ್ಲ.

ಆ ರಾತ್ರಿ ಸಿಸ್ಟರ್ ಪುಡಿಯಿದ್ದ 10 ಸೀಸೆ ಒಡೆದು, ಒಂದೊಂದಕ್ಕೂ ನೀರು ಬೆರೆಸಿ, ಎರಡು ಅಂಗೈ ನಡುವೆ ಮೆಲ್ಲಗೆ ಹೊರಳಿಸುತ್ತಿದ್ದರು. ರಭಸದಿಂದ ಕುಲುಕಿದರೆ ನೊರೆ ಬಂದು ಔಷಧಿ ಕೆಡುತ್ತದೆ. ಪುಡಿ ಪೂರ್ತಿ ಕರಗಿ ತಿಳಿಯಾಗುವವರೆಗೂ ಅವರು ಬಿಡಲಿಲ್ಲ. ಹತ್ತೂ ಸೀಸೆ ಸಲೈನಿಗೆ ಸೇರಿ, ಸುಮಾರು ಒಂದು ಗಂಟೆಯಲ್ಲಿ ಮೈ ಸೇರಿತು. ಪಕ್ಕದ ಟ್ರೇಯಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಸಿದ್ಧವಾಗಿತ್ತು. ಒಗ್ಗದಿದ್ದರೆ ಅದೇ ಮೊದಲ ರಕ್ಷಣೆ. ಕಾಲಿನ ಕಟ್ಟನ್ನು ಡ್ರಿಪ್ ಶುರುವಾದ ಮೇಲೆ ಜಾಗ್ರತೆಯಿಂದ ಸಡಿಲಿಸಿದರು. ಒಮ್ಮೆಲೇ ಬಿಚ್ಚಿದರೆ ತಡೆದು ನಿಂತ ವಿಷ ಒಟ್ಟಿಗೆ ನುಗ್ಗುತ್ತದೆ. ಇಲ್ಲಿ ತಾಯಂದಿರು ಕೇಳುವ ಇನ್ನೊಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ. ಮಕ್ಕಳಿಗೂ ದೊಡ್ಡವರಷ್ಟೇ ಔಷಧಿ ಕೊಡಬೇಕು. ಮಗುವಿನ ತೂಕ ಕಡಿಮೆ ಎಂದು ಹಾವು ವಿಷ ಕಡಿಮೆ ಬಿಡುವುದಿಲ್ಲ.

ಡ್ರಿಪ್ ಮುಗಿದ ಕೂಡಲೇ ರಕ್ತ ಸರಿಹೋಗಬೇಕಲ್ಲ ಎಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ. ಪ್ರತಿಕಾಯ ವಿಷವನ್ನು ತಡೆಯುತ್ತದೆ, ಖಾಲಿಯಾದ ಫೈಬ್ರಿನೋಜನ್ನನ್ನು ತುಂಬಿಕೊಡುವುದಿಲ್ಲ. ಅದನ್ನು ಯಕೃತ್ತೇ ಹೊಸದಾಗಿ ಮಾಡಬೇಕು, ಅದಕ್ಕೆ ಸುಮಾರು 6 ಗಂಟೆ ಬೇಕು. ಆದ್ದರಿಂದ 6 ಗಂಟೆಯ ನಂತರ ಮತ್ತೆ ಅದೇ ಗಾಜಿನ ಟ್ಯೂಬು. ಆ ಯುವಕನ ರಕ್ತ ಆಗಲೂ ಗಟ್ಟಿಯಾಗಲಿಲ್ಲ, ಇನ್ನೊಂದು ಸುತ್ತು ಔಷಧಿ ಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಟ್ಯೂಬಿನ ತಳದಲ್ಲಿ ರಕ್ತ ಕೂತಿತು, ವಸಡಿನ ಜಿನುಗೂ ನಿಂತಿತು. ಅವನು ಗಂಟೆಯೊಳಗೆ ಬಂದದ್ದರಿಂದ ಮೂತ್ರಪಿಂಡ ಉಳಿಯಿತು.

ರಕ್ತದ ರೋಗಗಳ ಬಗ್ಗೆ ಓದುವವರಿಗೆ ಇಲ್ಲೊಂದು ಸೋಜಿಗದ ಸಂಗತಿಯಿದೆ. 1934ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಫರ್ಲೇನ್ ಮತ್ತು ಲಂಡನ್ ಮೃಗಾಲಯದ ಬಾರ್ನೆಟ್ ಇದೇ ಮಂಡಲದ ವಿಷವನ್ನು ತೀರ ತೆಳುಮಾಡಿ ಹಿಮೋಫಿಲಿಯಾ ರೋಗಿಗಳ ಗಾಯಕ್ಕೆ ಹಚ್ಚಿದರೆ ರಕ್ತ ನಿಲ್ಲುತ್ತದೆ ಎಂದು ತೋರಿಸಿದರು. ಇವತ್ತಿಗೂ ಆ್ಯಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಎಂಬ ಅಪರೂಪದ ರೋಗವನ್ನು, ಅಂದರೆ ರಕ್ತ ಬೇಡದ ಕಡೆ ಹೆಪ್ಪುಗಟ್ಟಿ ಕಾಲಿನ ರಕ್ತನಾಳ ಮುಚ್ಚಿಸುವ, ಗರ್ಭ ನಿಲ್ಲದಂತೆ ಮಾಡುವ ರೋಗವನ್ನು ಪತ್ತೆಹಚ್ಚಲು ದೊಡ್ಡ ಲ್ಯಾಬುಗಳು ಬಳಸುವುದು ಮಂಡಲದ ವಿಷವನ್ನೇ. ಪ್ರತಿಕಾಯದ ಡ್ರಿಪ್ಪೂ ಹಾವಿಗಷ್ಟೇ ಮೀಸಲಲ್ಲ. ನಮ್ಮದೇ ಮೈ ಪ್ಲೇಟ್‌ಲೆಟ್‌ಗಳನ್ನು ಕೊಲ್ಲುವ ಐಟಿಪಿ ಎಂಬ ಕಾಯಿಲೆಯಲ್ಲಿ, ಸಾವಿರಾರು ಆರೋಗ್ಯವಂತರ ಪ್ಲಾಸ್ಮಾದಿಂದ ತೆಗೆದ ಮನುಷ್ಯ ಪ್ರತಿಕಾಯವನ್ನು ಹೀಗೇ ರಕ್ತನಾಳಕ್ಕೆ ಕೊಡುತ್ತಾರೆ. ಆ ಚಿಕಿತ್ಸೆಗೆ ನಮ್ಮ ಕಡೆಯವರು ಮೈಸೂರಿನ ದೊಡ್ಡಾಸ್ಪತ್ರೆಗೋ ಬೆಂಗಳೂರಿಗೋ ಹೋಗಿಬರಬಹುದು, ಸಾಮಾನ್ಯವಾಗಿ ಅಷ್ಟು ಸಮಯವಿರುತ್ತದೆ. ಮಂಡಲ ಕಚ್ಚಿದವನಿಗೆ ಆ ಸಮಯವಿಲ್ಲ.

ಸಮಯ ಎಲ್ಲಿ ಹೋಗುತ್ತದೆ ಎಂದು ನೋಡಿದರೆ ಸಂಕಟವಾಗುತ್ತದೆ. ಮೊದಲು ಕಟ್ಟು ಬಿಗಿಯುವುದು, ಆಮೇಲೆ ಬ್ಲೇಡಿನಿಂದ ಗೀರಿ ರಕ್ತ ಹರಿಸುವುದು, ಆಮೇಲೆ ನಾಟಿ ಔಷಧಿ, ಮಂತ್ರ. ಬಿಗಿ ಕಟ್ಟಿನಿಂದ ಕಾಲೇ ಹೋಗಬಹುದು. ಹೆಪ್ಪುಗಟ್ಟದ ರಕ್ತದವನಿಗೆ ಬ್ಲೇಡ್ ಹಾಕಿದರೆ ಆ ಗಾಯ ನಿಲ್ಲುವುದೇ ಇಲ್ಲ. ನಾಟಿ ವೈದ್ಯರ ಮೇಲೆ ನನಗೆ ಅಗೌರವವಿಲ್ಲ. ಮುರಿದ ಮೂಳೆ ಕಟ್ಟುವ, ಬಾಣಂತಿಗೆ ಕಷಾಯ ಮಾಡಿಕೊಡುವ ಅವರ ಕೈಗುಣ ನೋಡಿ ಬೆಳೆದವನು ನಾನು. ಆದರೆ ರಕ್ತನಾಳದಲ್ಲಿ ಓಡುತ್ತಿರುವ ವಿಷವನ್ನು ಸೊಪ್ಪಿನ ರಸ ಹಿಡಿಯಲಾರದು. ಅವರು ಉಳಿಸಿದ ರೋಗಿಗಳಲ್ಲಿ ಹೆಚ್ಚಿನವರು ವಿಷವೇ ಏರದವರು. ಹಾಗಾಗಿ ನಾಟಿ ವೈದ್ಯರಲ್ಲೇ ನನ್ನ ವಿನಂತಿ: ನಿಮ್ಮ ಮಾತಿಗೆ ಊರಿನಲ್ಲಿ ಬೆಲೆಯಿದೆ, ‘ಮೊದಲು ಆಸ್ಪತ್ರೆಗೆ ಹೋಗಪ್ಪ’ ಎಂದು ನೀವು ಹೇಳಿದರೆ ಡಾಕ್ಟರು ಹೇಳಿದ್ದಕ್ಕಿಂತ ಬೇಗ ಕೇಳುತ್ತಾರೆ. ತಡವಾಗಿ ಬಂದವರಲ್ಲಿ ನಾವು ಕಾಣುವುದು ಮೂತ್ರ ಕಟ್ಟಿದವರನ್ನು, ಡಯಾಲಿಸಿಸ್ ಬೇಕಾದವರನ್ನು. ಕೆಲವರಿಗೆ ಪಿಟ್ಯುಟರಿ ಗ್ರಂಥಿ ಹಾಳಾಗಿ, ಬದುಕಿ ಮನೆಗೆ ಹೋದ ಎಷ್ಟೋ ತಿಂಗಳ ಮೇಲೆ ಸುಸ್ತು, ಕೂದಲುದುರುವಿಕೆ, ಮುಟ್ಟು ನಿಲ್ಲುವುದು ಕಾಣಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಹಾವು ಕಚ್ಚಿದ್ದನ್ನು ಎಲ್ಲರೂ ಮರೆತಿರುತ್ತಾರೆ.

ತಪ್ಪೆಲ್ಲ ಜನರದೇ ಎನ್ನುವುದು ಅನ್ಯಾಯ. 2019ರ ನವೆಂಬರಿನಲ್ಲಿ, ಬೇಗೂರಿನ ಮೇಲೆ ಹಾಯುವ ಇದೇ ಹೆದ್ದಾರಿಯ ಆ ತುದಿಯಲ್ಲಿ, ವಯನಾಡಿನ ಸುಲ್ತಾನ್ ಬತ್ತೇರಿಯ ಸರ್ಕಾರಿ ಶಾಲೆಯ ತರಗತಿಯೊಳಗೇ ಹಾವು ಕಚ್ಚಿ ಐದನೇ ಕ್ಲಾಸಿನ ಹುಡುಗಿ ತೀರಿಕೊಂಡಳು. ಅವಳನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗಿಸಿದರೂ ಪ್ರತಿವಿಷ ಸಕಾಲಕ್ಕೆ ಸಿಗಲಿಲ್ಲ ಎಂಬುದು ಕೇರಳವನ್ನೆಲ್ಲ ಕೆರಳಿಸಿತು. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆ ಎಂದು ಅಧ್ಯಯನವೊಂದು ಅಂದಾಜು ಮಾಡಿದೆ. ವರ್ಷಕ್ಕೆ 58,000. ಹೆಚ್ಚಿನವರು ಹಳ್ಳಿಯವರು, ದುಡಿಯುವವರು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಅಂದರೆ ಖಾಸಗಿ ಆಸ್ಪತ್ರೆ ಸೇರಿದಂತೆ ಎಲ್ಲರೂ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು. ಲೆಕ್ಕವೇ ಇಲ್ಲದ ಸಾವಿಗೆ ಔಷಧಿ ಹಂಚುವುದು ಹೇಗೆ? ಈ ಹೆಜ್ಜೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ಆದರೆ ಅದು ಸಾಲದು. ನಮ್ಮ ಎಎಸ್‌ವಿಗೆ ಬೇಕಾದ ವಿಷದ ಬಹುಪಾಲು ತಮಿಳುನಾಡಿನ ಒಂದು ಸಣ್ಣ ಪ್ರದೇಶದ ಹಾವುಗಳಿಂದ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಮತ್ತು ಸಂಗಡಿಗರು ವರ್ಷಗಳಿಂದ ತೋರಿಸುತ್ತಿರುವುದು ಇದನ್ನೇ: ಒಂದೇ ಜಾತಿಯ ಹಾವಾದರೂ ಊರಿಂದೂರಿಗೆ ವಿಷದ ಗುಣ ಬದಲಾಗುತ್ತದೆ, ಕೆಲವು ಕಡೆಯ ವಿಷಕ್ಕೆ ಈಗಿನ ಔಷಧಿ ಸರಿಯಾಗಿ ನಾಟುವುದಿಲ್ಲ. ಅವರ ತಂಡ ಅಮೆರಿಕದ ವಿಜ್ಞಾನಿಗಳ ಜೊತೆ ಸೇರಿ, ಕುದುರೆಯ ಹಂಗಿಲ್ಲದೆ ಲ್ಯಾಬಿನಲ್ಲೇ ತಯಾರಿಸಿದ ಮನುಷ್ಯ ಪ್ರತಿಕಾಯವೊಂದನ್ನು 2024ರಲ್ಲಿ ಪ್ರಕಟಿಸಿತು. ಅದು ನಾಗರ, ಕಟ್ಟುಹಾವುಗಳ ನರವಿಷಕ್ಕೆ. ಮಂಡಲದ ರಕ್ತವಿಷಕ್ಕೆ ಅಂಥದ್ದು ಇನ್ನೂ ರೋಗಿಯ ಹಾಸಿಗೆಯ ಪಕ್ಕ ಬಂದಿಲ್ಲ. ಬರುವವರೆಗೂ ಇರುವ ಔಷಧಿಯೇ ಗತಿ, ಅದು ಹತ್ತಿರದಲ್ಲಿರಬೇಕು. ಬೇಗೂರಿನಂಥ ಹೋಬಳಿ ಕೇಂದ್ರಗಳಲ್ಲಿ 24 ಗಂಟೆಯೂ ಎಎಸ್‌ವಿ, ಗಾಜಿನ ಟ್ಯೂಬು, ಅಡ್ರಿನಲಿನ್, ಅವನ್ನು ಧೈರ್ಯವಾಗಿ ಬಳಸಬಲ್ಲ ವೈದ್ಯ, ನಾಲ್ಕೂ ಇರಬೇಕು. ಮೊದಲ 10 ಸೀಸೆ ಅಲ್ಲೇ ಶುರುಮಾಡಿ ಆಮೇಲೆ ಮೈಸೂರಿಗೋ ಚಾಮರಾಜನಗರಕ್ಕೋ ಕಳಿಸಲಿ. ಔಷಧಿ ಕೊಡದೆ ‘ಮುಂದೆ ಹೋಗಿ’ ಎಂದು ಚೀಟಿ ಬರೆಯುವುದು ನಿಲ್ಲಬೇಕು. ಪಂಪ್‌ಸೆಟ್ಟಿಗೆ ಹಗಲು ಕರೆಂಟು ಕೊಡುವುದೂ ನನ್ನ ಪಾಲಿಗೆ ಆರೋಗ್ಯ ಇಲಾಖೆಯ ಬೇಡಿಕೆಯೇ.

ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟು. ರಾತ್ರಿ ತೋಟಕ್ಕೆ ಹೋಗುವಾಗ ಟಾರ್ಚ್ ಮತ್ತು ಮೊಣಕಾಲುದ್ದದ ಗಮ್ ಬೂಟು ಇರಲಿ. ಕಚ್ಚಿದರೆ ಕಟ್ಟಬೇಡಿ, ಕುಯ್ಯಬೇಡಿ, ಹಾವು ಹುಡುಕಿ ಹೊಡೆಯುತ್ತಾ ಹೊತ್ತು ಕಳೆಯಬೇಡಿ. ಉಂಗುರ, ಕಾಲುಂಗುರ, ಗೆಜ್ಜೆ ಬಿಚ್ಚಿ, ಕಾಲು ಅಲ್ಲಾಡದಂತೆ ಇಟ್ಟು, ಕಚ್ಚಿದ ಹೊತ್ತು ನೆನಪಿಟ್ಟುಕೊಂಡು 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ತಡವಾಗುವುದಾದರೆ ಸಿಕ್ಕ ಗಾಡಿಯಲ್ಲಿ ಹೊರಡಿ. ಆಸ್ಪತ್ರೆಯಲ್ಲಿ ಗಾಜಿನ ಟ್ಯೂಬ್ ಪರೀಕ್ಷೆ ಮಾಡದಿದ್ದರೆ ‘ಯಾಕೆ ಮಾಡಲಿಲ್ಲ’ ಎಂದು ನೀವೇ ಕೇಳಿ. ಮೊದಲ ಪರೀಕ್ಷೆ ಸರಿ ಬಂತೆಂದು ಮನೆಗೆ ಹೊರಡಲು ಹಟ ಹಿಡಿಯಬೇಡಿ, ಪೂರ್ತಿ 24 ಗಂಟೆ ಅಲ್ಲೇ ಇರಿ.